ನೂಲಕ್ಕನ ಕಿವಿ

ಆ ಅಂಗಡಿಯಲ್ಲಿ ಇಬ್ಬರು ನಿಂತರೆ ಮೂರನೆಯವರು ಬೀದಿಯಲ್ಲಿ ನಿಂತೇ ವ್ಯಾಪಾರ ಮುಗಿಸಬೇಕು. ನಾಲ್ಕು ಮಹಡಿಯ ಹಳೆಯ ಕಟ್ಟಡದ ಮೆಟ್ಟಿಲ ಕೆಳಗೆ ಸಿಕ್ಕ ಜಾಗ ಅದು. ಐದಡಿ ಅಗಲ, ಒಂಬತ್ತಡಿ ಆಳ. ಒಳಗೆ ಹೋದ ಹಾಗೆಲ್ಲ ಸೂರು ಮೆಟ್ಟಿಲಿನ ಜೊತೆಗೇ ಇಳಿದುಬಂದು, ಕೊನೆಯಲ್ಲಿ ಕೂತವರ ನೆತ್ತಿಯಿಂದ ಒಂದು ಗೇಣು ಮೇಲೆ ನಿಲ್ಲುತ್ತದೆ. ಬಾಡಿಗೆ ಅಷ್ಟು ಅಗ್ಗ ಯಾಕೆಂದು ಯಾರೂ ಬಾಯಿಬಿಟ್ಟು ಕೇಳಬೇಕಾಗಿಲ್ಲ. ಒಳಗೆ ಹೋಗಿ ನೆಟ್ಟಗೆ ನಿಂತರೆ ತಲೆಗೇ ಗೊತ್ತಾಗುತ್ತದೆ.

ಆ ತುದಿಯಲ್ಲಿ, ಮೂರು ಕಾಲಿನ ಸ್ಟೂಲಿನ ಮೇಲೆ, ಇಪ್ಪತ್ತಾರು ವರ್ಷದಿಂದ ಕೂತಿರುವವಳು ನೂಲಕ್ಕ. ಮುಂದೆ ಗಲ್ಲಾದ ಹತ್ತಿರ ನಿಲ್ಲುವವನು ಅವಳ ಗಂಡ ಬಾಯಣ್ಣ. ಎರಡು ಹೆಸರೂ ಬೀದಿಯವರು ಇಟ್ಟದ್ದು. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎನ್ನುತ್ತಾರಲ್ಲ, ಆ ಗಾದೆಗೆ ಕೈಕಾಲು ಬಂದ ಹಾಗಿದ್ದ ಅವನು. ಕೊಡೆ ಕೊಳ್ಳಲು ಹೊರಟವನಿಗೂ ಹೆಡ್‌ಫೋನು ಮಾರಿ, ಅದನ್ನು ಹಾಕಿಕೊಂಡರೆ ಮಳೆಯ ಸದ್ದು ಕೇಳಿಸುವುದಿಲ್ಲ ಎಂದು ಸಮಾಧಾನ ಹೇಳಿ ಕಳಿಸುವಂಥವನು.

ಆದರೆ ಆ ಅಂಗಡಿಗೆ ಜನ ಬರುತ್ತಿದ್ದದ್ದು ಬಾಯಿಗಾಗಿ ಅಲ್ಲ, ನೂಲಿಗಾಗಿ.

ಅಲ್ಲಿ ಮಾರುವುದೆಲ್ಲ ಅಗ್ಗದ ಮಾಲು. ದೊಡ್ಡ ಕಂಪನಿಗಳು ಸಣ್ಣಪುಟ್ಟ ದೋಷಕ್ಕೆ ಬೇಡವೆಂದು ತೆಗೆದು ಹಾಕಿದ ಹೆಡ್‌ಫೋನುಗಳನ್ನು ಮೂಟೆಯ ಲೆಕ್ಕದಲ್ಲಿ ಒಬ್ಬ ತಂದು ಸುರಿದು ಹೋಗುತ್ತಿದ್ದ. ಒಂದು ಮೂಟೆಯಲ್ಲಿ ಮುತ್ತೂ ಇರುತ್ತದೆ, ಮಣ್ಣೂ ಇರುತ್ತದೆ. ನೋಡಲು ಎರಡೂ ಒಂದೇ. ನೂಲಕ್ಕ ಒಂದೊಂದನ್ನೇ ಕಿವಿಗಿಟ್ಟು, ಪುಟ್ಟ ಪ್ಲೇಯರಿನಲ್ಲಿ ಅದೇ ಒಂದು ಹಳೆಯ ಹಾಡನ್ನು ಹಾಕಿ, ಮೊದಲಿಂದ ಕೊನೆಯವರೆಗೆ ಕೇಳುತ್ತಿದ್ದಳು. ಹಾಡಿಗೆ ಒಗ್ಗಿದರೆ ಪಿನ್ನಿನ ಬುಡದಲ್ಲಿ ಹಸಿರು ನೂಲು. ಪಾಠ, ವಾರ್ತೆ, ಫೋನಿನ ಮಾತಿಗಷ್ಟೇ ಸಾಕೆನ್ನುವಂಥದಾದರೆ ಹಳದಿ. ಎರಡಕ್ಕೂ ಬಾರದ್ದು ನೂಲಿಲ್ಲದೆ ಮೂಟೆಗೆ ವಾಪಸ್ಸು. ನೂಲು ಕಟ್ಟಿ ಡಬ್ಬಿಗೆ ಹಾಕಿದ ಮೇಲೆ ಅದು ಮುಂದೆ ನಿಂತವನ ಪಾಲು; ಅವಳು ಮತ್ತೆ ಮುಟ್ಟುತ್ತಿರಲಿಲ್ಲ. ನೂಲು ಕೊಡುತ್ತಿದ್ದವನು ಪಕ್ಕದ ದರ್ಜಿ. ಹೊಲಿದು ಉಳಿದ ತುಂಡುಗಳನ್ನು ಕಿಟಕಿಯಿಂದ ಚಾಚಿ, "ತಗೊಳ್ಳಿ, ನಿಮ್ಮ ಮಕ್ಕಳಿಗೆ ಜುಟ್ಟು ಕಟ್ಟಿ" ಎನ್ನುತ್ತಿದ್ದ.

ಗಿರಾಕಿಗಳಿಗೆ ಅವಳು ಹೇಳುತ್ತಿದ್ದ ಬುದ್ಧಿಮಾತೂ ಅಂಥದ್ದೇ. ಒಮ್ಮೆ ಒಬ್ಬ ಬೈಕಿನವನು ಬಂದ.

"ಅಕ್ಕ, ಬೇಸ್ ಜೋರಾಗಿರೋದು ಕೊಡಿ. ಎದೆ ನಡುಗಬೇಕು."

"ಎದೆ ನಡುಗಬೇಕಾದ್ರೆ ಮಾವನ ಮುಂದೆ ಹೋಗಿ ನಿಂತ್ಕೊ. ಹಾಡು ಕೇಳಬೇಕಾದ್ರೆ ಇದು ತಗೋ."

"ಇದು ನೋಡೋಕೆ ಸಪ್ಪೆ ಅಕ್ಕ."

"ಕಿವಿಗೆ ಕಣ್ಣಿಲ್ಲಪ್ಪ. ನಿನ್ನದೇ ಹಾಡು ಹಾಕು. ಸೌಂಡು ಅರ್ಧಕ್ಕಿಂತ ಕೆಳಗಿಡು. ಜೋರಾಗಿ ಇಟ್ಟರೆ ತಗಡೂ ಹಾಡುತ್ತೆ. ಮೆತ್ತಗೆ ಇಟ್ಟಾಗ ಹಾಡೋದೇ ಒಳ್ಳೇದು."

ಹಾಕಿ ನೋಡಿ ಅವನು ಮುಖ ಸಿಂಡರಿಸಿದ. ಎದ್ದು ಬಂದ ನೂಲಕ್ಕ ಕಿವಿಯೊಳಗೆ ಕೂರುವ ರಬ್ಬರನ್ನು ಕಿತ್ತು, ಒಂದು ಅಳತೆ ದೊಡ್ಡದನ್ನು ಸಿಕ್ಕಿಸಿ ಕೊಟ್ಟಳು. "ಅಳತೆ ನೋಡದೆ ಹೆಡ್‌ಫೋನು ಬೈಯೋದು, ಚಪ್ಪಲಿ ಎಡ ಬಲ ಮಾಡ್ಕೊಂಡು ರಸ್ತೆ ಬೈದ ಹಾಗೆ." ಅವನು ಕಣ್ಣು ಮುಚ್ಚಿದ. ಹಾಡು ಮುಗಿಯುವವರೆಗೂ ಬಿಡಲೇ ಇಲ್ಲ. ಬಾಯಣ್ಣ ಅಷ್ಟರಲ್ಲಿ ಅದನ್ನು ಕಟ್ಟಿಕೊಡಲು ಕಾಗದದ ಚೀಲ ಬಿಚ್ಚಿ ಊದಿ ಸಿದ್ಧವಾಗಿದ್ದ.

ಅವಳ ಕಿವಿ ಹುಟ್ಟಿನಿಂದ ಬಂದದ್ದಲ್ಲ, ದುಡಿಮೆಯಿಂದ ಬಂದದ್ದು. ಮದುವೆಗೆ ಮೊದಲೂ ಆಮೇಲೂ ಸೇರಿ ಹನ್ನೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರೂರಿಗೆ ಟ್ರಂಕ್ ಕಾಲ್ ಜೋಡಿಸಿದವಳು ಅವಳು. ಉದ್ದನೆಯ ಹಾಲು, ಸಾಲಾಗಿ ಹೆಂಗಸರು, ಪ್ರತಿಯೊಬ್ಬರ ಕಿವಿಗೂ ಒಂದು ಕಪ್ಪು ಬಟ್ಟಲು. ಲೈನು ಕೆಟ್ಟಿದ್ದರೆ ತಂತಿಯಲ್ಲೋ, ಕಂಬದಲ್ಲೋ, ಆ ಕಡೆಯವನ ಉಪಕರಣದಲ್ಲೋ ಎನ್ನುವುದನ್ನು ಗರಗರ ಸದ್ದಿನಿಂದಲೇ ಹೇಳುತ್ತಿದ್ದಳು. ನಡುನಡುವೆ ಕಿವಿಯಲ್ಲಿ ಚಟ್ ಎಂದು ಸಿಡಿಯುತ್ತಿತ್ತು. ಸಾಲಿನಲ್ಲಿದ್ದವರೆಲ್ಲ ಒಮ್ಮೆ ತಲೆ ಕೊಡವಿ ಮುಂದಿನ ಕರೆ ತೆಗೆದುಕೊಳ್ಳುತ್ತಿದ್ದರು. ಆಮೇಲೆ ಯಂತ್ರ ಬಂತು, ಹೆಂಗಸರು ಮನೆಗೆ ಹೋದರು. ಬಾಯಣ್ಣ ಆಗ ಬ್ಯಾಟರಿ, ಟಾರ್ಚು ಹೊತ್ತು ಮಾರುತ್ತಿದ್ದ. ಜನ ಸೊಂಟಕ್ಕೆ ಕ್ಯಾಸೆಟ್ ಪ್ಲೇಯರ್ ಸಿಕ್ಕಿಸಿಕೊಂಡು ಓಡಾಡುವುದನ್ನು ನೋಡಿ, "ಬಾಯಿ ನನ್ನದಿದೆ, ಕಿವಿ ನಿನ್ನದಿದೆ. ಇನ್ನೇನು ಬೇಕು ಅಂಗಡಿಗೆ?" ಎಂದ. ಮೆಟ್ಟಿಲ ಕೆಳಗೆ ಕೂತದ್ದು ಹಾಗೆ.

ಅವನಿಗೋ ಹಾಡೂ ಒಂದೇ, ಹಿಟ್ಟಿನ ಗಿರಣಿಯೂ ಒಂದೇ. ಕೋಣನ ಮುಂದೆ ಕಿನ್ನರಿ ಬಾರಿಸಿದರೆ ಕೋಣ ಕಡೇಪಕ್ಷ ಕಿವಿ ಅಲ್ಲಾಡಿಸುತ್ತದೆ, ನಮ್ಮವರು ಅದನ್ನೂ ಮಾಡಲ್ಲ ಎಂದು ನೂಲಕ್ಕ ನೆಂಟರ ಮುಂದೆಲ್ಲ ಹೇಳಿ ನಗಿಸಿದ್ದಳು.

ಮೊದಲು ಹೋದದ್ದು ತಲೆಯ ಮೇಲಿನ ಹೆಜ್ಜೆಗಳು. ಮೆಟ್ಟಿಲು ಹತ್ತುವವರು ಯಾರೆಂದು ನೋಡದೆಯೇ ಹೇಳುತ್ತಿದ್ದಳು; ಮೂರನೇ ಮಹಡಿಯ ಗುಮಾಸ್ತೆ, ಎರಡನೇ ಮಹಡಿಯ ಗರ್ಭಿಣಿ. ಒಂದು ದಿನ ಯಾರೂ ಹತ್ತಲಿಲ್ಲ ಅಂದುಕೊಂಡಳು. ನೋಡಿದರೆ ಸೂರಿನಿಂದ ಧೂಳು ಉದುರುತ್ತಿತ್ತು. ಹತ್ತುತ್ತಲೇ ಇದ್ದರು.

ಆಮೇಲೆ ಹಾಡು ಸೋರತೊಡಗಿತು. ಅವಳ ಪರೀಕ್ಷೆಯ ಹಾಡಿನಲ್ಲಿ ಏಳು ಜಾಗಗಳಿದ್ದವು. ಕೊಳಲಿನವನ ಉಸಿರು, ಎಡಕ್ಕೊಂದು ಬಲಕ್ಕೊಂದು ತಂತಿ, ಹಾಡುವವನ ದನಿ ಸರಿಯಾಗಿ ಹಣೆಯ ನಡುವೆ ನಿಲ್ಲುವುದು, ಕೊನೆಗೆ ದೂರದಲ್ಲಿ ಒಂದು ಸಣ್ಣ ಗಂಟೆ, ಹೀಗೆ. ಏಳೂ ಕೇಳಿದರೆ ಹಸಿರು. ಒಂದು ದಿನ ಒಂದು ಮೂಟೆಯಲ್ಲಿ ಒಂದರಲ್ಲೂ ಗಂಟೆ ಕೇಳಲಿಲ್ಲ. ಮೂಟೆಯವನನ್ನು ಮನಸಾರೆ ಬೈದುಕೊಂಡಳು. ಆಮೇಲೆ ತನ್ನದೇ ಹಳೆಯ, ಒಳ್ಳೆಯ ಹೆಡ್‌ಫೋನು ಹಾಕಿ ನೋಡಿದಳು. ಅದರಲ್ಲೂ ಗಂಟೆ ಇರಲಿಲ್ಲ.

ಯಾರಿಗೂ ಹೇಳಲಿಲ್ಲ. ದರ್ಜಿಗೆ ಕಣ್ಣು ಮಂಜಾದರೆ ಕನ್ನಡಕ ಹಾಕಿಕೊಂಡು ಹೊಲಿಯುತ್ತಾನೆ, ಜನ ಪಾಪ ಎನ್ನುತ್ತಾರೆ. ಕಿವಿಯನ್ನೇ ಮಾರುವ ಅಂಗಡಿಯಲ್ಲಿ ಕಿವಿ ಹೋಯಿತೆಂದರೆ ಆ ಸ್ಟೂಲಿನ ಮೇಲೆ ಕೂರಲು ಅವಳಿಗೇನು ಹಕ್ಕು? ಮನೆಯಲ್ಲಿ ಕೂರಬೇಕಷ್ಟೆ. ಅವಳಿಗೆ ಮನೆಯೆಂದರೆ ಮಲಗುವ ಜಾಗ. ಬದುಕಿದ್ದೆಲ್ಲ ಮೆಟ್ಟಿಲ ಕೆಳಗೆ.

ಹಾಗಾಗಿ ಅವಳು ಬೇರೆ ದಾರಿ ಹಿಡಿದಳು. ಇಪ್ಪತ್ತು ಚಿಲ್ಲರೆ ವರ್ಷ ಮಾಲು ಮುಟ್ಟಿದ ಬೆರಳುಗಳಿದ್ದವಲ್ಲ. ಪಿನ್ನಿನ ಬುಡದ ರಬ್ಬರು ಗಟ್ಟಿಯಾಗಿದೆಯೇ, ವೈರು ಸುತ್ತಿದರೆ ಸುರುಳಿ ಹಿಡಿಯದೆ ಬಿಚ್ಚಿಕೊಳ್ಳುತ್ತದೆಯೇ, ಎರಡೂ ಕಡೆ ತೂಕ ಸಮವೇ, ಅಂಟು ಹೊರಗೆ ಬಂದಿದೆಯೇ ಎಂದು ನೋಡಿದಳು. ಹಾಡು ಹಾಕಿ ಬಟ್ಟಲನ್ನು ಹಲ್ಲಿಗೊತ್ತಿ ನಡುಕ ನೋಡಿದಳು. ಶ್ರದ್ಧೆಯಿಂದ ಕಟ್ಟಿದವನು ಶ್ರದ್ಧೆಯಿಂದಲೇ ಹಾಡಿಸಿರುತ್ತಾನೆ ಎನ್ನುವುದು ಅವಳ ತರ್ಕ. ಮೇಲೆಲ್ಲ ತಳಕು ಒಳಗೆಲ್ಲ ಹುಳುಕು ಎಂದು ಗಿರಾಕಿಗಳಿಗೆ ದಿನಕ್ಕೆ ಹತ್ತು ಸಲ ಹೇಳುತ್ತಿದ್ದವಳು, ತನ್ನ ಸರದಿ ಬಂದಾಗ ತಳಕನ್ನೇ ನಂಬಿದಳು. ಎರಡು ವರ್ಷ ಒಂದೇ ಒಂದು ಹಸಿರು ನೂಲು ವಾಪಸ್ಸು ಬರಲಿಲ್ಲ. ಕಿವಿಗಿಂತ ಬೆರಳೇ ವಾಸಿ ಎಂದು ಅವಳಿಗೆ ಒಳಗೊಳಗೇ ಜಂಬವೂ ಬಂದಿತ್ತು.

ಆ ಜಂಬ ಇಳಿದದ್ದು ಒಬ್ಬ ಅಡುಗೆಯವನಿಂದ.

ಸರಕಿನ ಹಡಗಿನಲ್ಲಿ ಅಡುಗೆ ಮಾಡುವವನು ಅವನು. ಒಮ್ಮೆ ಹೋದರೆ ಒಂಬತ್ತು ತಿಂಗಳು ನೀರ ಮೇಲೆ. ಅಂದು ಮಧ್ಯಾಹ್ನ ಬಾಯಣ್ಣ ಮೂಟೆಯವನ ಗೋದಾಮಿಗೆ ಹೋಗಿದ್ದ ಹೊತ್ತಿಗೆ ಬಂದು, ಹಸಿರು ನೂಲಿದ್ದ ಹೆಡ್‌ಫೋನೊಂದನ್ನು ಗಲ್ಲಾದ ಮೇಲಿಟ್ಟ. ಇಂಜಿನ್ನಿನ ಸದ್ದಿನಲ್ಲಿ ಬದುಕುವವರು ಮೆತ್ತಗೆ ಮಾತನಾಡುವುದನ್ನು ಮರೆತಿರುತ್ತಾರೆ. ಅವನ ಒಂದೊಂದು ಮಾತೂ ನೂಲಕ್ಕನಿಗೆ ಕೇಳಿಸಿತು. ಕೇಳಿಸದಿದ್ದರೆ ಚೆನ್ನಾಗಿತ್ತು.

"ಅಕ್ಕ, ಬೈಯೋಕೆ ಬಂದಿಲ್ಲ. ಹೋದ ಸಲ ಹೊರಡೋ ಹಿಂದಿನ ದಿನ ತಗೊಂಡಿದ್ದೆ. ಯಜಮಾನ್ರಿಗೆ ಜ್ವರ ಅಂತ ನೀವೊಬ್ರೇ ಇದ್ರಿ, ನೆನಪಿದೆಯಾ? ನೀವು ಕಟ್ಟಿದ್ದಲ್ವಾ ಅಂತ ಕಿವಿಗೆ ಕೂಡ ಇಟ್ಟು ನೋಡಲಿಲ್ಲ. ಹಡಗು ಬಿಟ್ಟ ಮೇಲೆ ಹಾಕ್ಕೊಂಡೆ. ಒಂಬತ್ತು ತಿಂಗಳು ಹಾಡೋನು ಬಾವಿಯೊಳಗೆ ಬಿದ್ದು ಹಾಡಿದ ಅಕ್ಕ. ಮೊದಲು ನನಗೇ ಏನೋ ಆಗಿದೆ ಅಂದ್ಕೊಂಡೆ. ಕೊನೆಗೆ ಹಾಡು ಕೇಳೋದೇ ಬಿಟ್ಟೆ."

"ಒಂಬತ್ತು ತಿಂಗಳೂ?"

"ಅಲ್ಲಿ ಅಂಗಡಿ ಎಲ್ಲಿದೆ? ಮೀನಿನ ಹತ್ರ ಬದಲಾಯಿಸ್ಕೊಳ್ಳಲಾ?" ಅವನು ನಕ್ಕ. "ಹೋಗ್ಲಿ ಬಿಡಿ, ಯಾರಿಗೂ ಒಂದು ಸಲ ತಪ್ಪುತ್ತೆ. ನಾಳೆ ಬೆಳಿಗ್ಗೆ ಮತ್ತೆ ಹಡಗು. ಸಂಜೆ ಬರ್ತೀನಿ. ನೀವೇ ಕೇಳಿ ಒಂದು ತೆಗೆದಿಡಿ. ನಿಮ್ಮನ್ನ ಬಿಟ್ಟು ಇನ್ನೊಬ್ಬರನ್ನ ನಂಬಲ್ಲ ನಾನು."

ಅವನು ಹೋದ ಮೇಲೆ ನೂಲಕ್ಕ ಆ ಹೆಡ್‌ಫೋನನ್ನು ಕೈಗೆತ್ತಿಕೊಂಡಳು. ಎಷ್ಟು ಚಂದ ಕಟ್ಟಿದ್ದರು! ಬೆರಳಿಗೆ ಒಂದು ತಪ್ಪೂ ಸಿಗಲಿಲ್ಲ. ನೂಲಿನ ಗಂಟು ತನ್ನದೇ. ಅವಳು ಎಡಚಿ; ಅವಳ ಗಂಟಿನ ತುದಿ ಎಡಕ್ಕೆ ಮಲಗುತ್ತದೆ.

ಸಂಜೆಗೆ ಬೇಕಲ್ಲ ಎಂದು ಹಸಿರು ಡಬ್ಬಿಗೆ ಕೈ ಹಾಕಿದಳು. ಮೊದಲು ಸಿಕ್ಕಿದ್ದರ ಗಂಟಿನ ತುದಿ ಬಲಕ್ಕಿತ್ತು. ಎರಡು ಸುತ್ತು ಹಾಕಿ, ಮೂಟೆ ಬಿಗಿದ ಹಾಗೆ ಎಳೆದ ಗಂಟು. ಇನ್ನೊಂದು ತೆಗೆದಳು, ಅದೂ ಹಾಗೇ. ಡಬ್ಬಿಯನ್ನೇ ಮಡಿಲಿಗೆ ಸುರಿದುಕೊಂಡಳು. ಇಪ್ಪತ್ತಮೂರರಲ್ಲಿ ಅವಳ ಗಂಟು ಇದ್ದದ್ದು ಆರು. ಹಳದಿ ಡಬ್ಬಿಯಲ್ಲಿ ಅವಳು ಹಸಿರೆಂದು ಕಟ್ಟಿದ್ದ, ಗುರುತು ಸಿಗುವ ಮಾಲು ಎಷ್ಟೋ ಇತ್ತು. ಈಗ ಅವಕ್ಕೆಲ್ಲ ಹಳದಿ ನೂಲು, ಬಲಗೈ ಗಂಟು. ಕೆಟ್ಟದೆಂದು ವಾಪಸ್ಸು ಬಂದದ್ದು ತನ್ನ ಕೈಯದು. ಒಳ್ಳೆಯದೆಂದು ಡಬ್ಬಿಯಲ್ಲಿ ಕೂತಿದ್ದು ಬೇರೆಯವರ ಕೈಯದು. ಗಂಡನ ಗಂಟನ್ನು ಗುರುತಿಸಲು ಹೆಂಡತಿಗೆ ಕಿವಿ ಬೇಕಾಗಿಲ್ಲ.

ಅವಳು ಎದ್ದು ದರ್ಜಿಯ ಕಿಟಕಿಗೆ ಹೋದಳು.

"ಒಂದು ಕೇಳ್ತೀನಿ, ಸುಳ್ಳು ಹೇಳಬೇಡಿ. ನಮ್ಮವರು ದಿನಾ ಕಸ ಗುಡಿಸಬೇಕು ಅಂತ ಒಂದು ಗಂಟೆ ಮುಂಚೆ ಬರ್ತಾರಲ್ಲ. ಐದಡಿ ಅಂಗಡೀಲಿ ಒಂದು ಗಂಟೆ ಗುಡಿಸೋ ಅಷ್ಟು ಕಸ ಎಲ್ಲಿಂದ ಬರುತ್ತೆ?"

ದರ್ಜಿ ಬಾಯಲ್ಲಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಬಟ್ಟೆಗೆ ಚುಚ್ಚಿದ. ಅವಳ ಕಡೆಗೆ ಪೂರ್ತಿ ತಿರುಗಿ, ನಿಧಾನವಾಗಿ ತುಟಿ ಆಡಿಸಿ ಹೇಳಿದ.

"ಅಕ್ಕ, ನಿಮ್ಮ ಹತ್ರ ಮಾತಾಡೋವಾಗ ನಾನು ಬಾಯಲ್ಲಿ ಸೂಜಿ ಇಟ್ಕೊಳ್ಳೋದು ಬಿಟ್ಟು ಎರಡು ವರ್ಷ ಆಯ್ತು. ಗಮನಿಸಿಲ್ವಾ?"

ನೂಲಕ್ಕ ಕಿಟಕಿಯ ಸರಳು ಹಿಡಿದುಕೊಂಡಳು.

"ಆಗ ಒಂದೇ ವಾರದಲ್ಲಿ ಮೂರು ಜನ ವಾಪಸ್ ತಂದ್ರು. ನಿಮಗೆ ಗೊತ್ತಾಗಬಾರದು ಅಂತ ಬೀದೀಲೇ ನಿಲ್ಲಿಸಿ, 'ನನ್ನ ಕೈತಪ್ಪು, ಡಬ್ಬಿ ಅದಲುಬದಲಾಯ್ತು' ಅಂತ ಹೇಳಿ ಕಳಿಸಿದ್ರು. ಮಾರನೇ ದಿನದಿಂದ ಶುರು ಈ ಕಸ ಗುಡಿಸೋದು. ಮೊದಲ ನಾಲ್ಕು ತಿಂಗಳು ಅವರಿಗೇನೂ ತಿಳೀತಿರಲಿಲ್ಲ ಪಾಪ. ನನ್ನ ಕರೆದು ಕರೆದು ಕಿವಿಗೆ ಇಡೋರು. 'ಗಂಟೆ ಕೇಳ್ತಾ? ಗಂಟೆ ಕೇಳ್ತಾ?' ಅಂತ. ನನಗೆ ಊಟದ ಗಂಟೆ ಬಿಟ್ಟು ಬೇರೆ ಗಂಟೆ ಎಲ್ಲಿ ಗೊತ್ತು? ಈಗ ಅವರೇ ಹಿಡೀತಾರೆ. ಕಣ್ಣು ಮುಚ್ಕೊಂಡು, ಬೆರಳಲ್ಲಿ ಎಣಿಸ್ತಾ."

ಅವಳಿಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು. ಎರಡು ವರ್ಷ ಅವನು ತನ್ನನ್ನು ಅಂಗಡಿಯ ಬೋರ್ಡಿನ ಹಾಗೆ ಒಳಗೆ ತೂಗುಹಾಕಿದ್ದಾನೆ. ತಾನು ಹಲ್ಲಿಗೊತ್ತಿ, ಮೂಸಿ, ತೂಗಿ, ಅಳೆದು ಸುರಿದು ಕಟ್ಟಿದ್ದನ್ನೆಲ್ಲ ಮರುದಿನ ಬಿಚ್ಚಿ ಹಾಕಿದ್ದಾನೆ. ಮಕ್ಕಳು ಮಣ್ಣಿನ ಅಡುಗೆ ಮಾಡಿ ಬಡಿಸಿದರೆ ದೊಡ್ಡವರು ಚಪ್ಪರಿಸಿ, ಆಮೇಲೆ ಎಲೆ ಎತ್ತಿ ಬಿಸಾಡುವುದಿಲ್ಲವೇ, ಹಾಗೆ.

ಬಾಯಣ್ಣ ಬಂದ. ಎಂದಿನಂತೆ ಅವಳ ಮುಖಕ್ಕೆ ನೇರವಾಗಿ ಬಾಗಿ, "ಏನಾದ್ರೂ ವ್ಯಾಪಾರ ಆಯ್ತಾ?" ಎಂದು ಕೇಳಿದ. ಈ ಬಾಗುವುದನ್ನು ಅವಳು ಇಷ್ಟು ದಿನ ಪ್ರೀತಿಯೆಂದೋ, ಅವನ ಬೆನ್ನುನೋವೆಂದೋ ತಿಳಿದಿದ್ದಳು.

"ಹಡಗಿನ ಅಡುಗೆಯವರು ಬಂದಿದ್ರು. ಸಂಜೆ ಬರ್ತಾರಂತೆ. ಒಳ್ಳೇದು ಒಂದು ತೆಗೆದಿಡಬೇಕಂತೆ."

"ಅದಕ್ಕೇನು, ಡಬ್ಬೀಲಿದೆಯಲ್ಲ, ನಾನು ಕೊಡ್ತೀನಿ ಬಿಡು." ಅವನು ಡಬ್ಬಿಯನ್ನು ಒಂದಿಷ್ಟು ಬೇಗನೇ ತನ್ನ ಕಡೆಗೆ ಎಳೆದುಕೊಂಡ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಿತ್ತು.

ಅವಳು ಒಳಗೆ ಹೋಗಿ ಸ್ಟೂಲಿನ ಮೇಲೆ ಕೂತಳು. ಮೂಟೆಯಿಂದ ಐದು ಹೆಡ್‌ಫೋನು ತೆಗೆದು, ಒಂದೊಂದನ್ನೇ ಕಿವಿಗಿಟ್ಟು, ಸೌಂಡನ್ನು ಹೆಚ್ಚಿಸುತ್ತ ಹೋದಳು. ಡೋಲು ಎಲ್ಲೋ ಗೋಡೆಯಾಚೆ ಹಾಸಿಗೆ ಕೊಡವಿದ ಹಾಗೆ ಬಡಿಯಿತು. ಕೊಳಲು ಇಲ್ಲ. ತಂತಿ ಇಲ್ಲ. ಹಾಡುವವನು ಬಾಯಿಗೆ ಬಟ್ಟೆ ಕಟ್ಟಿಕೊಂಡಿದ್ದ. ಬೆರಳಿಗೆ ಚೆನ್ನಾಗಿ ಕಂಡ ಎರಡಕ್ಕೆ ಹಸಿರು ಕಟ್ಟಿದಳು. ಕೈಗೆ ಬೇರೆ ಗೊತ್ತಿರಲಿಲ್ಲ. ಆ ಎರಡರಲ್ಲಿ ಒಂದನ್ನು ಅವನಿಗೆ ಕೊಟ್ಟರೆ ನಿಜವಾಗಿ ಚೆನ್ನಾಗಿದ್ದರೂ ಇದ್ದೀತು. ಇಲ್ಲದಿದ್ದರೆ ಇನ್ನೊಂದು ಒಂಬತ್ತು ತಿಂಗಳು. ನೀರಿನ ನಡುವೆ ಒಂದು ಕಿರಿದಾದ ಹಾಸಿಗೆಯ ಮೇಲೆ ಕೂತು, ತನಗೇ ಏನೋ ಆಗಿದೆ ಅಂದುಕೊಳ್ಳುವ ಒಬ್ಬ ಮನುಷ್ಯ. ಹಾಗೆ ಅಂದುಕೊಳ್ಳುವುದು ಹೇಗಿರುತ್ತದೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು?

ಬೆಳಕು ಇಳಿಯುವ ಮೊದಲೇ ಅಡುಗೆಯವನು ಬಂದ. "ತೆಗೆದಿಟ್ರಾ ಅಕ್ಕ?" ಎಂದು ಬೀದಿಯಿಂದಲೇ ಕೂಗಿದ.

ಬಾಯಣ್ಣ ಮುಂದೆ ಬಂದ. "ಬನ್ನಿ ಬನ್ನಿ, ನಿಮಗೇ ಅಂತ ಅವಳು ಮಧ್ಯಾಹ್ನದಿಂದ ಕಿವಿ ನೋಯಿಸ್ಕೊಂಡು ಆರಿಸಿದ್ದಾಳೆ..."

"ಇಲ್ಲ," ಎಂದಳು ನೂಲಕ್ಕ. ಎದ್ದು ಗಲ್ಲಾದ ಹತ್ತಿರ ಬಂದಳು. "ನಾನು ಆರಿಸಿಲ್ಲ. ಹೋದ ಸಲ ಆರಿಸಿದ್ದು ನಾನು, ಅದಕ್ಕೇ ಕೆಟ್ಟಿದ್ದು. ನನಗೆ ಕಿವಿ ಕೇಳಿಸಲ್ಲ ಅಣ್ಣ."

ಅಡುಗೆಯವನು ಬಾಯಣ್ಣನ ಮುಖ ನೋಡಿದ. ಬಾಯಣ್ಣ ನಕ್ಕ, ಗಿರಾಕಿಯ ಕೈಯಲ್ಲಿ ಮಾಲು ಮುರಿದಾಗ ನಗುವ ನಗು ಅದು. "ತಮಾಷೆ ಮಾಡ್ತಾಳೆ ಇವಳು. ಇವಳ ಕಿವಿ ಅಂದ್ರೆ..."

"ರೀ, ಸುಮ್ಮನಿರಿ. ಇಷ್ಟು ವರ್ಷ ಮಾತಾಡಿದ್ದು ಸಾಕು. ಬನ್ನಿ ಇಲ್ಲಿ."

ಅವನ ಮೊಣಕೈ ಹಿಡಿದು ಒಳಗೆ ಎಳೆದುಕೊಂಡು ಹೋದಳು. ಸೂರು ಇಳಿಯುವುದನ್ನು ಅವನು ಮರೆತ; ಹಣೆ ಮೆಟ್ಟಿಲಿಗೆ ತಗುಲಿತು. ಹಣೆ ಉಜ್ಜಿಕೊಳ್ಳುತ್ತ, ಗಿರಾಕಿಗಳ ಎದುರು ಮೊದಲ ಸಲ, ಅವನು ಆ ಸ್ಟೂಲಿನ ಮೇಲೆ ಕೂತ. ಮೊಣಕಾಲು ಎದೆಗೆ ಬಂದವು. ನೂಲಕ್ಕ ತಾನೇ ಆ ಐದರಲ್ಲಿ ಒಂದು ಹೆಡ್‌ಫೋನು ಅವನ ತಲೆಗೆ ಸಿಕ್ಕಿಸಿ ಪ್ಲೇಯರಿನ ಗುಂಡಿ ಒತ್ತಿದಳು.

"ಯಾವಾಗ ಗೊತ್ತಾಯ್ತು?" ಎಂದ ಅವನು.

"ಹಾಡು ಶುರುವಾಗಿದೆ. ಕೇಳಿ."

ಅವನು ಕಣ್ಣು ಮುಚ್ಚಿದ. ಬೆರಳೊಂದು ತೊಡೆಯ ಮೇಲೆ ಎದ್ದಿತು, ಇಳಿಯಿತು. ಗಿರಾಕಿಯನ್ನು ಸದಾ ಅಳೆಯುತ್ತಿದ್ದ ಆ ಮುಖ ಆರಿಹೋಗಿ, ಅದರಡಿಯಿಂದ ಬೇರೆ ಯಾರದೋ ಮುಖ ಮೇಲೆ ಬಂತು. ಮೂವತ್ತೈದು ವರ್ಷದ ಸಂಸಾರದಲ್ಲಿ ಆ ಮುಖವನ್ನು ಅವಳು ನೋಡಿರಲಿಲ್ಲ. ಅದು ಹಾಡು ಕೇಳುವವನ ಮುಖ. ತನ್ನದೂ ಒಂದು ಕಾಲದಲ್ಲಿ ಹೀಗೇ ಇದ್ದಿರಬೇಕು.

ಮೊದಲನೆಯದನ್ನು ಪಕ್ಕಕ್ಕಿಟ್ಟ. ಎರಡನೆಯದು ಅವಳು ಆಗಷ್ಟೇ ಹಸಿರು ಕಟ್ಟಿದ್ದು. ಅರ್ಧ ಹಾಡಿಗೇ ತೆಗೆದು, ಅವಳ ಕಡೆ ನೋಡದೆ, ಉಗುರಿನಿಂದ ಗಂಟು ಬಿಡಿಸಿ ನೂಲನ್ನು ಜೇಬಿಗೆ ಹಾಕಿಕೊಂಡ. ಮೂರನೆಯದಕ್ಕೂ ಅದೇ ಗತಿ. ನಾಲ್ಕನೆಯದನ್ನು ಕೊನೆಯವರೆಗೆ ಕೇಳಿದ. ಅದು ಬೂದುಬಣ್ಣದ, ಅಂಟು ಒಂದಿಷ್ಟು ಹೊರಗೆ ಬಂದಿದ್ದ, ನೂಲಕ್ಕನ ಬೆರಳು ಮುಟ್ಟಿದ ಕೂಡಲೇ ಬೇಡವೆಂದಿದ್ದ ಹೆಡ್‌ಫೋನು.

"ಇದು," ಎಂದ.

ಅಡುಗೆಯವನು ಈ ಸಲ ಬುದ್ಧಿ ಕಲಿತಿದ್ದ. ತನ್ನ ಫೋನಿಗೆ ಸಿಕ್ಕಿಸಿ, ಸೌಂಡು ಕೆಳಗಿಟ್ಟು, ತನ್ನದೇ ಹಾಡು ಕೇಳಿದ. ಸ್ವಲ್ಪ ಹೊತ್ತಿಗೆ ಗಲ್ಲಾಕ್ಕೆ ಮೊಣಕೈ ಊರಿ ತಲೆ ತಗ್ಗಿಸಿದ. "ಬಾವಿಯಿಂದ ಹತ್ತಿ ಮೇಲೆ ಬಂದ," ಎಂದು ಹೇಳುವಾಗ, ಇಷ್ಟು ಹೊತ್ತು ಕೂಗುತ್ತಿದ್ದವನ ದನಿ ಎಷ್ಟು ಇಳಿದಿತ್ತೆಂದರೆ ನೂಲಕ್ಕ ಅದನ್ನು ತುಟಿಯಿಂದ ಓದಬೇಕಾಯಿತು. ಹೋಗುವಾಗ ಒಳಗೆ ಬಾಗಿ ಹೇಳಿದ: "ದೊಡ್ಡ ಕಿವಿ ನಿಮ್ಮದು!" ಇಷ್ಟು ವರ್ಷ ಆ ಮಾತು ಸ್ಟೂಲಿನ ಮೇಲೆ ಕೂತವರಿಗೆ ಸಲ್ಲುತ್ತಿತ್ತು. ಇವತ್ತೂ ಅಲ್ಲಿಗೇ ಸಂದಿತು.

ಖಾಲಿ ಉಳಿದದ್ದು ಮುಂದಿನ ಜಾಗ. ನೂಲಕ್ಕ ಅಲ್ಲಿ ನಿಂತು ನೋಡಿದಳು. ಮುಖಕ್ಕೆ ಮಾಸ್ಕ್ ಹಾಕಿದ್ದ ಒಬ್ಬ ಹೆಂಗಸು ಬಂದು ಏನೋ ಕೇಳಿದಳು. ನೂಲಕ್ಕ ಹಳದಿ ಡಬ್ಬಿ ತೋರಿಸಿದಳು. ಆಕೆ ಮತ್ತೇನೋ ಕೇಳಿದಳು. ಹಸಿರು ಡಬ್ಬಿ ತೋರಿಸಿದಳು. ಆಕೆ ಒಂದು ಗಳಿಗೆ ನಿಂತು, ಕೈಬೀಸಿ, ಮುಂದಿನ ಅಂಗಡಿಗೆ ಹೋದಳು. ಬಾಯಿಯ ಕೆಲಸಕ್ಕೂ ಕಿವಿ ಬೇಕು. ಮಾರುವವನ ಮಾತಿನಲ್ಲಿ ಮುಕ್ಕಾಲು ಪಾಲು ಕೇಳಿಸಿಕೊಳ್ಳುವುದೇ ಎಂದು ಅವಳಿಗೆ ಈಗ ತಿಳಿಯಿತು. ಒಳಗೂ ಅಲ್ಲದೆ ಮುಂದೂ ಅಲ್ಲದೆ, ಮೂಟೆಯ ಪಕ್ಕ ಒಂದು ಮರದ ಪೆಟ್ಟಿಗೆಯನ್ನು ಮಗುಚಿ ಹಾಕಿ ಕೂತಳು.

ಬಾಯಣ್ಣ ಎದ್ದು ಬರಲು ನೋಡಿದ.

"ಕೂತ್ಕೊಳ್ಳಿ. ಮೂಟೇಲಿ ಇನ್ನೂ ಇವೆ."

"ನೋಡು ಕಣೇ, ನಾನು ಹೇಳಬೇಕು ಅಂತಲೇ..."

"ಇದು ಹಾಕ್ಕೊಳ್ಳಿ."

ಹಾಕಿಕೊಂಡ. ಕೇಳಿದ. ತೆಗೆದ.

"ಏನು ಕೇಳ್ತು?"

"ಚೆನ್ನಾಗಿದೆ."

"'ಚೆನ್ನಾಗಿದೆ' ಅನ್ನೋದನ್ನ ಗಿರಾಕಿಗೆ ಹೇಳಿ. ನನಗೆ ಏನು ಕೇಳ್ತು ಅದನ್ನ ಹೇಳಿ."

ಜೀವಮಾನವೆಲ್ಲ ಮಾತಿನಲ್ಲೇ ಉಂಡವನು ಈಗ ತಡವರಿಸುತ್ತ ಬೆರಳು ಮಡಿಸಿದ. ಕೊಳಲಿನ ಉಸಿರು ಇದೆ. ತಂತಿ ಎರಡೂ ಕಡೆ ಇದೆ. ಡೋಲು ದನಿಯ ಮೇಲೆ ಬೀಳುವುದಿಲ್ಲ. ಗಂಟೆ ಇದೆ, ಸಣ್ಣದಾಗಿ. "ಆಮೇಲೆ ಆ ನುಂಗೋದು."

"ಯಾವ ನುಂಗೋದು?"

"ಎರಡನೇ ಚರಣಕ್ಕೆ ಮುಂಚೆ ಹಾಡೋನು ಉಗುಳು ನುಂಗ್ತಾನಲ್ಲ. ನಿನ್ನ ಏಳರಲ್ಲಿ ಅದೂ ಒಂದಲ್ವಾ?"

ನೂಲಕ್ಕನ ಏಳರಲ್ಲಿ ಅಂಥದೊಂದು ಇರಲಿಲ್ಲ. ಹೆಡ್‌ಫೋನಿನ ಒಳಗೆ ಏನೋ ಸಡಿಲವಾಗಿ ಟಕ್ ಎಂದಿರಬೇಕು, ಹಾಗಿದ್ದರೆ ಅದು ಮೂಟೆಗೆ ಹೋಗಬೇಕಾದ ಮಾಲು. "ಬೇರೆಯದರಲ್ಲಿ ಕೇಳಿ ನೋಡಿ," ಎಂದಳು.

ಕೇಳಿದ. ಅದರಲ್ಲೂ ಇತ್ತು. ಮೂರನೆಯದರಲ್ಲೂ ಇತ್ತು. ಕೊನೆಗೆ ಅವಳು ತನ್ನದೇ ಹಳೆಯ ಹೆಡ್‌ಫೋನನ್ನು ಗೂಟದಿಂದ ತೆಗೆದು ಕೊಟ್ಟಳು. ಅವನು ತಲೆಯಾಡಿಸಿದ. "ಇದರಲ್ಲಿ ಇನ್ನೂ ಚೆನ್ನಾಗಿ ಕೇಳುತ್ತೆ ಕಣೇ."

ಅವಳು ಅದನ್ನು ಅವನ ತಲೆಯಿಂದ ತೆಗೆದು ತನ್ನ ಕಿವಿಗಿಟ್ಟು, ಅದೇ ಜಾಗಕ್ಕೆ ಹಾಡನ್ನು ಹಿಂದಕ್ಕೆ ಓಡಿಸಿ, ಸೌಂಡು ತುದಿಗೆ ತಿರುಗಿಸಿದಳು. ಹಾಸಿಗೆ ಕೊಡವುವ ಸದ್ದು, ಆಮೇಲೆ ಏನೂ ಇಲ್ಲ. ಇಪ್ಪತ್ತಾರು ವರ್ಷ, ದಿನಕ್ಕೆ ಮೂವತ್ತು ನಲವತ್ತು ಸಲ, ಈ ಹಾಡನ್ನು ಅವಳಷ್ಟು ಕೇಳಿದವರು ಭೂಮಿಯ ಮೇಲೆ ಇನ್ನೊಬ್ಬರಿರಲಿಲ್ಲ. ಅಲ್ಲೊಬ್ಬ ಮನುಷ್ಯ ಹಾಡುವ ಮೊದಲು ಗಂಟಲು ಒಣಗಿ ನಿಂತಿದ್ದ. ಅವಳಿಗೆ ಅದು ಒಂದು ದಿನವೂ ಕೇಳಿರಲಿಲ್ಲ. ಎಕ್ಸ್‌ಚೇಂಜಿನ ಆ ಸಿಡಿತಗಳು ಅಷ್ಟು ಹಿಂದೆಯೇ ಅದನ್ನು ಒಯ್ದಿದ್ದವೋ, ಅಥವಾ ಏಳನ್ನು ಹುಡುಕುವ ಭರದಲ್ಲಿ ಎಂಟನೆಯದಕ್ಕೆ ಅವಳೇ ಕಿವಿಗೊಟ್ಟಿರಲಿಲ್ಲವೋ. ಇನ್ನು ತಿಳಿಯುವ ದಾರಿಯಿಲ್ಲ.

ಬಾಯಣ್ಣ ಏನೋ ಹೇಳಿದ. ಅವನ ಮುಖ ಮೆಟ್ಟಿಲ ನೆರಳಿನಲ್ಲಿತ್ತು, ತುಟಿ ಕಾಣಲಿಲ್ಲ.

"ಕೇಳಿಸಲಿಲ್ಲ," ಎಂದಳು. ನೇರವಾಗಿ ಅವನಿಗೇ ಆ ಮಾತು ಆಡಿದ್ದು ಅದೇ ಮೊದಲು.

"ಸಣ್ಣದಾಗಿ ನುಂಗ್ತಾನೆ ಅಂದೆ!"

"ಕೇಳಿಸಲಿಲ್ಲ."

ಅವನು ಸ್ಟೂಲಿನಿಂದ ಅರ್ಧ ಎದ್ದು, ಎರಡೂ ಕೈ ಬಾಯಿಗೆ ಅಡ್ಡ ಹಿಡಿದು ಕೂಗಿದ. "ಹೆದರಿದೋನ ಹಾಗೆ ನುಂಗ್ತಾನೆ! ಹಾಡೋಕೆ ಆಗುತ್ತೋ ಇಲ್ಲವೋ ಅಂತ!"

ಬೀದಿಯಲ್ಲಿ ಹೋಗುತ್ತಿದ್ದವರು ನಿಂತರು. ಮೆಟ್ಟಿಲಿಳಿಯುತ್ತಿದ್ದ ಯಾರೋ ಕಟಕಟೆಯ ಮೇಲಿಂದ ಬಗ್ಗಿ ನೋಡಿದರು. ನೂಲಕ್ಕನ ಅಂಗೈ ಗೋಡೆಯ ಮೇಲಿತ್ತು. ಆಚೆ ಬದಿಯಲ್ಲಿ ನಡುಗುತ್ತಿದ್ದ ಹೊಲಿಗೆ ಯಂತ್ರ ನಿಂತದ್ದು ಅಂಗೈಗೆ ತಿಳಿಯಿತು. ಅವಳು ಯಾರ ಕಡೆಗೂ ತಿರುಗಲಿಲ್ಲ. ಪೆಟ್ಟಿಗೆಯನ್ನು ಸ್ಟೂಲಿನ ಹತ್ತಿರಕ್ಕೆ ಎಳೆದುಕೊಂಡು, ಗಂಡನ ಬಾಯಿಯ ಎದುರಿಗೆ ಕೂತಳು.

"ಆಮೇಲೆ?" ಎಂದಳು. "ಜೋರಾಗಿ ಹೇಳಿ."